ಸಂಬಳ ಕಡಿತಕ್ಕೆ ಒಪ್ಪುವ ಮೊದಲು ಕಾಲೇಜಿನ ಲೆಕ್ಕ ಕೇಳಿ

ಓದುಗರ ಪ್ರಶ್ನೆ: ಉಡುಪಿ ಕಡೆಯ ಒಂದು ಖಾಸಗಿ ಪದವಿ ಕಾಲೇಜಿನಲ್ಲಿ ಹನ್ನೊಂದು ವರ್ಷದಿಂದ ಮ್ಯಾನೇಜ್‌ಮೆಂಟೇ ಸಂಬಳ ಕೊಡುವ ಲೆಕ್ಚರರ್ ಆಗಿದ್ದೇನೆ. ಕೊರೊನಾ ಸಮಯದಲ್ಲಿ ನಮಗೆ ತಿಂಗಳುಗಟ್ಟಲೆ ಅರ್ಧ ಸಂಬಳ ಕೊಟ್ಟರು. ಪರಿಸ್ಥಿತಿ ಸರಿಯಾದ ಮೇಲೆ ಉಳಿದದ್ದು ಕೊಡುತ್ತೇವೆ ಎಂದು ಸ್ಟಾಫ್ ಮೀಟಿಂಗ್‌ನಲ್ಲಿ ಹೇಳಿದ್ದರು. ಇವತ್ತಿನವರೆಗೂ ಬಂದಿಲ್ಲ. ಗೆಸ್ಟ್ ಲೆಕ್ಚರರ್‌ಗಳಿಗೆ ಆಗ ಏನೂ ಸಿಗಲಿಲ್ಲ. ಈ ವರ್ಷ ಅಡ್ಮಿಶನ್ ಕಡಿಮೆಯಾಗಿದೆ, ಬಜೆಟ್ ಇಲ್ಲ ಎಂದು ಮತ್ತೆ ಅದೇ ಮಾತು ಶುರುವಾಗಿದೆ. ನಾವು ಸಂಘ ಮಾಡಿಕೊಳ್ಳಬಹುದಾ? ಸಾಂಕ್ರಾಮಿಕದ ಸಮಯದಲ್ಲಿ ಬೇರೆ ಕಡೆಯ ವಿಶ್ವವಿದ್ಯಾನಿಲಯಗಳ ಸಂಘಗಳು ಏನು ಮಾಡಿದವು? ಹಳೇ ಬಾಕಿಗೆ ಏನಾದರೂ ದಾರಿ ಇದೆಯಾ?

ಉತ್ತರ:

ಸಂಘ ಖಂಡಿತ ಮಾಡಿಕೊಳ್ಳಬಹುದು. ಹಳೇ ಬಾಕಿ ಕಷ್ಟ, ಆದರೆ ಒಂದು ದಾರಿ ಇನ್ನೂ ತೆರೆದಿದೆ. ಅದನ್ನು ಮುಂದೆ ಹೇಳುತ್ತೇನೆ. ಇವೆರಡಕ್ಕಿಂತ ಮೊದಲು ಆಗಬೇಕಾದ ಕೆಲಸ ಒಂದಿದೆ. ಕಾಲೇಜಿನ ಲೆಕ್ಕ ಕೇಳಬೇಕು. ಬಾಯಿಮಾತಿನ ಲೆಕ್ಕ ಸಾಲದು. ಆಡಿಟ್ ಆದ, ಕನಿಷ್ಠ ಐದು ವರ್ಷದ ಲೆಕ್ಕ ಬೇಕು. ಕೊರೊನಾ ಕಾಲದಲ್ಲಿ ನಮ್ಮ ಜಿಲ್ಲೆಗಳಲ್ಲಿ ಎಷ್ಟೋ ಕಡೆ ಅಧ್ಯಾಪಕರು ಮೊದಲು ಕಡಿತಕ್ಕೆ ತಲೆಯಾಡಿಸಿದರು, ಲೆಕ್ಕದ ವಿಷಯ ಆಮೇಲೂ ಎತ್ತಲಿಲ್ಲ. ಅದಕ್ಕೇ ಈ ಉತ್ತರದಲ್ಲಿ ಲೆಕ್ಕದ ಬಗ್ಗೆ ಜಾಸ್ತಿ ಬರೆಯುತ್ತಿದ್ದೇನೆ.

ಆಗಿನ ಕಷ್ಟ ಸುಳ್ಳಾಗಿರಲಿಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳೋಣ. ಕರಾವಳಿಯ ಮನೆಗಳಿಗೆ ದುಡ್ಡು ಬರುವುದು ಗಲ್ಫ್‌ನಿಂದ, ಮುಂಬೈಯ ಹೋಟೆಲ್‌ಗಳಿಂದ, ಮೀನುಗಾರಿಕೆಯಿಂದ, ಬಸ್ಸು-ಟೆಂಪೋಗಳಿಂದ. 2020ರ ಮಾರ್ಚ್ ಕೊನೆಗೆ ಎಲ್ಲವೂ ಒಟ್ಟಿಗೆ ನಿಂತವು. ಮಕ್ಕಳ ಫೀಸ್ ಬರಲಿಲ್ಲ. ಫೀಸನ್ನೇ ನಂಬಿದ, ಸರ್ಕಾರದ ಅನುದಾನವಿಲ್ಲದ (ಅನ್‌ಏಡೆಡ್) ಕಾಲೇಜುಗಳಿಗೆ ಕೈ ಕಟ್ಟಿದ್ದು ನಿಜ. ಆದರೆ ಕೆಲಸ ನಿಂತಿರಲಿಲ್ಲ. ರಾಜ್ಯದಲ್ಲಿ ಪದವಿ ಕಾಲೇಜುಗಳ ಬಾಗಿಲು ಮತ್ತೆ ತೆರೆದದ್ದು 2020ರ ನವೆಂಬರ್ 17ಕ್ಕೆ. ಅಲ್ಲಿಯವರೆಗೆ ಅಧ್ಯಾಪಕರು ತಮ್ಮದೇ ಫೋನಿನಲ್ಲಿ, ತಮ್ಮದೇ ಡೇಟಾ ಹಾಕಿಸಿಕೊಂಡು ಪಾಠ ಮಾಡಿದರು. ಸುಳ್ಯ, ಬೆಳ್ತಂಗಡಿ ಕಡೆಯ ಮಕ್ಕಳು ನೆಟ್‌ವರ್ಕ್‌ಗಾಗಿ ಗುಡ್ಡ ಹತ್ತಿ ಕೂತು ಆ ಪಾಠ ಕೇಳಿದರು. ಕಷ್ಟ ಎಲ್ಲರದ್ದೂ ಆಗಿತ್ತು. ಅದನ್ನು ಹೇಗೆ ಹಂಚಿಕೊಂಡರು ಎಂಬಲ್ಲಿ ಅನ್ಯಾಯವಾಯಿತು.

ಆಗಿನ ಕಾನೂನಿನ ಸ್ಥಿತಿಯನ್ನೂ ತಿಳಿದಿರಿ. 2020ರ ಮಾರ್ಚ್ 29ರಂದು ಕೇಂದ್ರ ಗೃಹ ಇಲಾಖೆ ಒಂದು ಆದೇಶ ಹೊರಡಿಸಿತು. ಲಾಕ್‌ಡೌನ್ ಅವಧಿಯ ಸಂಬಳವನ್ನು ಕಡಿತವಿಲ್ಲದೆ ಕೊಡಬೇಕು ಎಂದು ಅದರಲ್ಲಿತ್ತು. ಮೇ 18ರಿಂದ ಅದನ್ನು ಹಿಂದಕ್ಕೆ ಪಡೆದರು. ಜೂನ್ 12ರಂದು ಸುಪ್ರೀಂ ಕೋರ್ಟ್, ಆ ಐವತ್ತು ಚಿಲ್ಲರೆ ದಿನಗಳ ಸಂಬಳದ ವಿಷಯವನ್ನು ಮಾಲೀಕರು ಮತ್ತು ನೌಕರರು ಕೂತು ಮಾತಾಡಿ ಬಗೆಹರಿಸಿಕೊಳ್ಳಲಿ ಎಂದಿತು. ಎದುರು ಕೂರಲು ಸಂಘ ಇದ್ದ ಕಡೆ ಆ ಮಾತಿಗೆ ಬೆಲೆ ಇತ್ತು. ನಿಮ್ಮ ಕಾಲೇಜಿನಲ್ಲಿ ಆಡಳಿತ ಮಂಡಳಿ ಒಂದು ಕಡೆ, ಒಬ್ಬೊಬ್ಬರೇ ಲೆಕ್ಚರರ್ ಇನ್ನೊಂದು ಕಡೆ. ಹಾಗಿದ್ದಾಗ ಮಾತುಕತೆ ಎಲ್ಲಿಂದ ಬರಬೇಕು?

ಇನ್ನು ಹೊರದೇಶಗಳ ವಿಷಯ. ನೀವು ಕೇಳಿದ್ದಕ್ಕೆ ನಾಲ್ಕು ಕಡೆಯ ಅನುಭವ ಹೇಳುತ್ತೇನೆ. ಗೆದ್ದವರೂ ಇದ್ದಾರೆ, ಸೋತವರೂ ಇದ್ದಾರೆ.

ಕೆನಡಾದ ಸಡ್‌ಬರಿ ಎಂಬ ಊರಲ್ಲಿ ಲಾರೆನ್ಷಿಯನ್ ವಿಶ್ವವಿದ್ಯಾನಿಲಯ ಇದೆ. ಸರ್ಕಾರದ ಹಣದಲ್ಲಿ ನಡೆಯುವ ಸಂಸ್ಥೆ. 2021ರ ಫೆಬ್ರವರಿ 1ರಂದು ಅದು ಸಾಲ ಕೊಟ್ಟವರಿಂದ ರಕ್ಷಣೆ ಕೇಳಿ ಕೋರ್ಟಿಗೆ ಹೋಯಿತು. ಅದು ಬಳಸಿಕೊಂಡದ್ದು ದಿವಾಳಿ ಅಂಚಿನ ಕಂಪನಿಗಳಿಗಾಗಿ ಮಾಡಿದ ಕಾನೂನನ್ನು. ಕೆನಡಾದ ಯಾವ ಸಾರ್ವಜನಿಕ ವಿಶ್ವವಿದ್ಯಾನಿಲಯವೂ ಅದಕ್ಕೆ ಮೊದಲು ಆ ದಾರಿ ಹಿಡಿದಿರಲಿಲ್ಲ. ಹಣದ ಮುಗ್ಗಟ್ಟು ಬಂದರೆ ಏನು ಮಾಡಬೇಕು, ಅಧ್ಯಾಪಕರ ಸಂಘವನ್ನು ಹೇಗೆ ಕರೆದು ಲೆಕ್ಕ ತೋರಿಸಬೇಕು ಎಂಬ ನಿಯಮ ಅಲ್ಲಿನ ಒಪ್ಪಂದದಲ್ಲೇ ಇತ್ತು. ಕೋರ್ಟಿಗೆ ಹೋದ ಮೇಲೆ ಆ ನಿಯಮ ಬದಿಗೆ ಸರಿಯಿತು. ಏಪ್ರಿಲ್‌ನಲ್ಲಿ ಪದವಿಯ 58 ಮತ್ತು ಸ್ನಾತಕೋತ್ತರದ 11 ಕೋರ್ಸ್‌ಗಳು ಮುಚ್ಚಿದವು. ನೂರಕ್ಕೂ ಹೆಚ್ಚು ಅಧ್ಯಾಪಕರು ಕೆಲಸ ಕಳೆದುಕೊಂಡರು. ಎಷ್ಟೋ ಜನರಿಗೆ ಅದು ಗೊತ್ತಾದದ್ದು ಝೂಮ್ ಮೀಟಿಂಗ್‌ನಲ್ಲಿ.

ನಿಮಗೆ ಬೇಕಾದ ಪಾಠ ಅದರ ನಂತರದ್ದು. 2022ರಲ್ಲಿ ಒಂಟಾರಿಯೋ ಪ್ರಾಂತದ ಮಹಾಲೇಖಪಾಲರು ಆ ಸಂಸ್ಥೆಯ ಪುಸ್ತಕ ತೆಗೆದು ನೋಡಿದರು. ಮುಗ್ಗಟ್ಟಿನ ಬೇರು ಕೊರೊನಾಕ್ಕಿಂತ ಎಷ್ಟೋ ವರ್ಷ ಹಿಂದಿನದು. ಸರಿಯಾಗಿ ಯೋಚಿಸದೆ ಕೈಗೊಂಡ ಕಟ್ಟಡ ಕಾಮಗಾರಿಗಳು, ಅವುಗಳಿಗಾಗಿ ಬೆಳೆಸಿದ ಸಾಲ. ಕೋರ್ಟಿಗೆ ಹೋಗುವ ಅಗತ್ಯವೇ ಇರಲಿಲ್ಲ ಎಂದೂ ವರದಿಯಲ್ಲಿ ಬರೆದರು. ಅಂದರೆ ಸಂಬಳದಿಂದ ಹುಟ್ಟಿರದ ನಷ್ಟವನ್ನು ಸಂಬಳದಿಂದ ತುಂಬಿಸಿಕೊಂಡ ಹಾಗಾಯಿತು. ಲೆಕ್ಕ ಹೊರಗೆ ಬಂದಾಗ ಕೆಲಸ ಹೋದವರಿಗೆ ಅದರಿಂದ ಏನೂ ಪ್ರಯೋಜನ ಉಳಿದಿರಲಿಲ್ಲ. ನಾನು ಮತ್ತೆ ಮತ್ತೆ ಲೆಕ್ಕ ಮೊದಲು ಎನ್ನುವುದು ಇದಕ್ಕಾಗಿ.

ಆಸ್ಟ್ರೇಲಿಯಾದ ಕತೆ ಬೇರೆ. ಅಲ್ಲಿನ ವಿಶ್ವವಿದ್ಯಾನಿಲಯಗಳು ಹೊರದೇಶದ ವಿದ್ಯಾರ್ಥಿಗಳ ಫೀಸಿನ ಮೇಲೆ ನಿಂತಿದ್ದವು. ಗಡಿ ಮುಚ್ಚಿತು, ಫೀಸು ನಿಂತಿತು. ಸರ್ಕಾರದ ಸಂಬಳ ಸಹಾಯ ಯೋಜನೆ ಸರ್ಕಾರಿ ವಿಶ್ವವಿದ್ಯಾನಿಲಯಗಳಿಗೆ ಸಿಗದ ಹಾಗೆ ನಿಯಮ ಮಾಡಿದರು. ಆಗ ಅಲ್ಲಿನ ರಾಷ್ಟ್ರೀಯ ಅಧ್ಯಾಪಕ-ನೌಕರ ಸಂಘ ಎನ್‌ಟಿಇಯು 2020ರ ಮೇನಲ್ಲಿ ಕೆಲವು ಕುಲಪತಿಗಳ ಜೊತೆ ಕೂತು ಒಂದು ಸೂತ್ರ ಮುಂದಿಟ್ಟಿತು. ಸಂಬಳ ಕಡಿತಕ್ಕೆ ನಾವು ಒಪ್ಪುತ್ತೇವೆ, ಗರಿಷ್ಠ ಶೇ 15. ಜಾಸ್ತಿ ಸಂಬಳದವರಿಗೆ ಜಾಸ್ತಿ ಕಡಿತ. ಬದಲಿಗೆ ಕೆಲಸ ಕಳೆಯುವ ಹಾಗಿಲ್ಲ, ಮತ್ತು ಕಡಿತ ಬೇಕೆನ್ನುವ ಸಂಸ್ಥೆ ತನ್ನ ಲೆಕ್ಕವನ್ನು ಹೊರಗಿನ ಪರಿಣತರ ಮುಂದೆ ಇಡಬೇಕು. 12,000 ಕೆಲಸ ಉಳಿಸಬಹುದು ಎಂಬುದು ಸಂಘದ ಅಂದಾಜು.

ಅದು ನಿಲ್ಲಲಿಲ್ಲ. ಹೆಚ್ಚಿನ ವಿಶ್ವವಿದ್ಯಾನಿಲಯಗಳು ಬೇಡ ಎಂದವು. ಸಂಘದ ಒಳಗೂ ಜಗಳವಾಯಿತು. ನಮ್ಮನ್ನು ಕೇಳದೆ ಕಡಿತಕ್ಕೆ ಹೇಗೆ ಒಪ್ಪಿದಿರಿ ಎಂದು ಸದಸ್ಯರು ಎದ್ದರು. ಮೇ ಕೊನೆಗೆ ರಾಷ್ಟ್ರಮಟ್ಟದ ಪ್ರಯತ್ನ ಕೈಬಿಟ್ಟು, ಮೊನಾಶ್, ಲಾ ಟ್ರೋಬ್ ಮುಂತಾದ ಕೆಲವೇ ಕಡೆ ಸ್ಥಳೀಯ ಒಪ್ಪಂದವಾಯಿತು. 2020ರಲ್ಲಿ ಕನಿಷ್ಠ 17,300 ಕೆಲಸ ಹೋದವು ಎಂದು ವಿಶ್ವವಿದ್ಯಾನಿಲಯಗಳ ಒಕ್ಕೂಟವೇ ಹೇಳಿತು. ಮೊದಲು ಹೋದವರು ಗಂಟೆ ಲೆಕ್ಕದ ತಾತ್ಕಾಲಿಕ ಅಧ್ಯಾಪಕರು. ಆ ಸೂತ್ರದಲ್ಲಿ ತಪ್ಪಿತ್ತೆಂದು ನನಗೆ ಅನಿಸುವುದಿಲ್ಲ. ಸದಸ್ಯರ ಸಭೆ ಕರೆಯುವ ಮೊದಲೇ ನಾಯಕರು ಎದುರಿನವರ ಜೊತೆ ಕೂತದ್ದು ಅದನ್ನು ಕೆಡಿಸಿತು. ನೀವು ಪ್ರಿನ್ಸಿಪಾಲರ ಚೇಂಬರಿಗೆ ಹೋಗುವ ಮೊದಲು ಸ್ಟಾಫ್ ರೂಮಿನಲ್ಲಿ ಓಟು ಹಾಕಿಸಿ.

ಅಮೆರಿಕದ ಆಕ್ರನ್ ವಿಶ್ವವಿದ್ಯಾನಿಲಯದ್ದು ಸೋಲಿನ ಕತೆ. 2020ರ ಜುಲೈಯಲ್ಲಿ ಆಡಳಿತ ಮಂಡಳಿ 178 ಹುದ್ದೆ ಕಿತ್ತಿತು, ಅದರಲ್ಲಿ 96 ಅಧ್ಯಾಪಕರು. ಸಂಘದ ಜೊತೆಗಿನ ಒಪ್ಪಂದದಲ್ಲಿ, ಕೈಮೀರಿದ ಅನಾಹುತ ಬಂದರೆ ಕೆಲಸದಿಂದ ತೆಗೆಯುವ ನಿಯಮ ಪಾಲಿಸಬೇಕಿಲ್ಲ ಎಂಬ ಒಂದು ಸಾಲು ಇತ್ತು. ಮಂಡಳಿ ಅದನ್ನು ಹಿಡಿಯಿತು. ವಿಷಯ ಮಧ್ಯಸ್ಥಗಾರರ ಮುಂದೆ ಹೋಯಿತು. ಸೆಪ್ಟೆಂಬರ್‌ನಲ್ಲಿ ತೀರ್ಪು ಆಡಳಿತದ ಪರ ಬಂತು. ನಿಮ್ಮ ಅಪಾಯಿಂಟ್‌ಮೆಂಟ್ ಆರ್ಡರ್ ತೆಗೆದು ನೋಡಿ. ‘ಆಡಳಿತ ಮಂಡಳಿಯ ವಿವೇಚನೆಗೆ ಒಳಪಟ್ಟು’ ಎಂಬ ಮಾತು ಇದೆಯಾ? ಇದ್ದರೆ ಮುಂದಿನ ಆರ್ಡರಿನಲ್ಲಿ ಅದನ್ನು ತೆಗೆಸುವುದೂ ಸಂಘದ ಕೆಲಸ.

ಅಮೆರಿಕದ್ದೇ ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾನಿಲಯದಲ್ಲಿ ಸಂಘಗಳು ಜಾಣತನ ತೋರಿದವು. 2020ರಲ್ಲಿ ಆಡಳಿತ ಆರ್ಥಿಕ ತುರ್ತುಸ್ಥಿತಿ ಎಂದು ಹೇಳಿ, ಮೊದಲೇ ಒಪ್ಪಿದ್ದ ಸಂಬಳ ಏರಿಕೆಯನ್ನು ತಡೆಹಿಡಿಯಿತು. ಅಧ್ಯಾಪಕರು, ಆಫೀಸ್ ಸಿಬ್ಬಂದಿ, ಸಂಶೋಧನಾ ವಿದ್ಯಾರ್ಥಿಗಳು, ಅರೆಕಾಲಿಕರು ಬೇರೆ ಬೇರೆ ಸಂಘಗಳಲ್ಲಿದ್ದರು. ಅವರೆಲ್ಲ ಒಂದು ಕೂಟ ಮಾಡಿಕೊಂಡರು. ಎಲ್ಲರೂ ಕೆಲವು ದಿನ ಸಂಬಳವಿಲ್ಲದ ರಜೆ ಹಾಕುತ್ತೇವೆ, ಆ ದಿನಗಳ ನಷ್ಟದ ಒಂದು ಭಾಗ ಸರ್ಕಾರದ ನಿರುದ್ಯೋಗ ಭತ್ಯೆಯಿಂದ ತುಂಬಲಿ, ಯಾರನ್ನೂ ತೆಗೆಯಬೇಡಿ ಎಂಬುದು ಅವರ ಸಲಹೆ. ಮೊದಲು ಆಡಳಿತ ಕೇಳಲಿಲ್ಲ. 2021ರಲ್ಲಿ ಒಪ್ಪಂದಕ್ಕೆ ಬಂತು. ಆ ಒಗ್ಗಟ್ಟು ಆಮೇಲೂ ಉಳಿಯಿತು. 2023ರ ಏಪ್ರಿಲ್‌ನಲ್ಲಿ ಕಾಯಂ, ಅರೆಕಾಲಿಕ, ಸಂಶೋಧನಾ ವಿದ್ಯಾರ್ಥಿ ಎಂಬ ಭೇದವಿಲ್ಲದೆ ಮುಷ್ಕರ ಹೂಡಿದರು. ಆ ಸಂಸ್ಥೆಯ 257 ವರ್ಷದ ಇತಿಹಾಸದಲ್ಲಿ ಅಧ್ಯಾಪಕರ ಮೊದಲ ಮುಷ್ಕರ ಅದು. ಒಂದೇ ವಾರದಲ್ಲಿ ಒಪ್ಪಂದದ ಚೌಕಟ್ಟು ಸಿದ್ಧವಾಯಿತು. ಅರೆಕಾಲಿಕರ ಪ್ರತಿ ಕೋರ್ಸಿನ ಸಂಭಾವನೆ ಹಂತಹಂತವಾಗಿ ಶೇ 40ಕ್ಕೂ ಹೆಚ್ಚು ಏರಬೇಕೆಂದು ಅದರಲ್ಲಿ ತೀರ್ಮಾನವಾಯಿತು.

ಇಲ್ಲಿಗೆ ಬರೋಣ. ನಮ್ಮ ಏಡೆಡ್ ಕಾಲೇಜುಗಳ ಒಂದೇ ಸ್ಟಾಫ್ ರೂಮಿನಲ್ಲಿ ಮೂರು ಥರದ ಸಂಬಳದವರು ಕೂತಿರುತ್ತಾರೆ. ಸರ್ಕಾರದ ವೇತನಾನುದಾನದಲ್ಲಿ ಯುಜಿಸಿ ಸ್ಕೇಲ್ ಪಡೆಯುವವರು. ಮ್ಯಾನೇಜ್‌ಮೆಂಟ್ ಕೊಡುವ ಕನ್ಸಾಲಿಡೇಟೆಡ್ ಸಂಬಳದವರು. ಗಂಟೆ ಲೆಕ್ಕದ ಗೆಸ್ಟ್‌ಗಳು, ಏಪ್ರಿಲ್‌ನಲ್ಲಿ ಬಿಡುಗಡೆಯಾಗಿ ಮುಂದಿನ ವರ್ಷಕ್ಕೆ ಹೊಸ ಆರ್ಡರ್ ಕಾಯುವವರು. ಅದೇ ಸಿಲೆಬಸ್, ಅದೇ ಕ್ಲಾಸು. ಕೊರೊನಾದಲ್ಲಿ ಮೊದಲನೆಯವರಿಗೆ ಪೂರ್ತಿ ಸಂಬಳ ಬಂತು, ಎರಡನೆಯವರಿಗೆ ಅರ್ಧ, ಮೂರನೆಯವರಿಗೆ ಸೊನ್ನೆ. ಎಂ.ಎ., ಎಂ.ಕಾಂ. ಓದಿದವರು ಅಡಿಕೆ ಸುಲಿಯಲು, ಪೈಂಟಿಂಗ್ ಕೆಲಸಕ್ಕೆ, ಪಾರ್ಸೆಲ್ ಡೆಲಿವರಿಗೆ ಹೋದರು. ಆ ಕೆಲಸಗಳಲ್ಲಿ ಅವಮಾನ ಏನಿಲ್ಲ. ಪಕ್ಕದ ಕುರ್ಚಿಯವರ ಮನೆಯಲ್ಲಿ ಒಲೆ ಉರಿಯುತ್ತಿದೆಯಾ ಎಂದು ಯಾರೂ ಕೇಳದೆ ಇದ್ದದ್ದು ನನಗೆ ಇವತ್ತಿಗೂ ನೋವಿನ ವಿಷಯ.

ಮಂಗಳೂರು ವಿಶ್ವವಿದ್ಯಾನಿಲಯ ವ್ಯಾಪ್ತಿಯ ಕಾಲೇಜು ಅಧ್ಯಾಪಕರಿಗೆ ಅಮುಕ್ತ್ ಎಂಬ ಸಂಘ ಇದೆ, ರಾಜ್ಯಮಟ್ಟದಲ್ಲಿ ಫುಕ್ಟಾಕ್ ಎಂಬ ಒಕ್ಕೂಟ ಇದೆ. ಆದರೆ ಮ್ಯಾನೇಜ್‌ಮೆಂಟ್ ಮತ್ತು ಗೆಸ್ಟ್ ಲೆಕ್ಚರರ್‌ಗಳು ಈಗ ಸಂಖ್ಯೆಯಲ್ಲಿ ಬಹಳ. ಅವರನ್ನು ಹೊರಗಿಟ್ಟು ನಡೆಯುವ ಯಾವ ಸಂಘಕ್ಕೂ ಮುಂದೆ ಬಲ ಇರುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಸಂಘಟನೆ ಈ ನೆಲಕ್ಕೆ ಹೊಸದೂ ಅಲ್ಲ. ಹೆಂಚಿನ ಕಾರ್ಖಾನೆಯವರು, ಬೀಡಿ ಕಟ್ಟುವ ಹೆಂಗಸರು, ಬ್ಯಾಂಕ್ ನೌಕರರು ಇಲ್ಲೇ ಸಂಘ ಕಟ್ಟಿ ಬೆಳೆಸಿದರು.

ಬರೀ ಗೆಸ್ಟ್‌ಗಳೇ ಹೋರಾಡಿದರೂ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು 2021ರ ಡಿಸೆಂಬರ್‌ನಲ್ಲಿ ತರಗತಿ ಬಹಿಷ್ಕರಿಸಿದರು. ಆಗ ಅವರ ಗೌರವಧನ ಅರ್ಹತೆಗೆ ತಕ್ಕಂತೆ 11,000 ಅಥವಾ 13,000 ರೂಪಾಯಿ. 2022ರ ಜನವರಿಯಲ್ಲಿ ಸರ್ಕಾರ ಅದನ್ನು 26,000ದಿಂದ 32,000ದವರೆಗೆ ಏರಿಸಿತು. ದೊಡ್ಡ ಗೆಲುವು. ಆದರೆ ಜೊತೆಗೆ ವಾರದ ವರ್ಕ್‌ಲೋಡನ್ನು 15 ಗಂಟೆಗೆ ಏರಿಸಿತು. ಒಬ್ಬರಿಗೆ ಜಾಸ್ತಿ ಗಂಟೆ ಎಂದರೆ ಒಟ್ಟು ಜನ ಕಡಿಮೆ ಸಾಕು. ಎಷ್ಟೋ ವರ್ಷ ದುಡಿದವರು ಪಟ್ಟಿಯಿಂದ ಹೊರಗೆ ಬಿದ್ದರು. ಹಾಗಾಗಿ ಸಂಬಳದ ಮಾತಾಡುವಾಗ ಜನರ ಸಂಖ್ಯೆಯ ಮಾತನ್ನೂ ಅದೇ ಕಾಗದದಲ್ಲಿ ಬರೆಸಿಕೊಳ್ಳಬೇಕು.

ಈಗ ಲೆಕ್ಕ. ನಾನು ಕಾಮರ್ಸ್ ಕಲಿಸಿದವನು, ಈ ಭಾಗ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಮ್ಯಾನೇಜ್‌ಮೆಂಟ್ ಕೊಡದಿದ್ದರೂ ಕೆಲವು ಅಂಕಿಗಳು ಈಗಾಗಲೇ ಹೊರಗಿವೆ. ನಿಮ್ಮ ಕಾಲೇಜು ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಅರ್ಜಿ ಹಾಕಿದೆಯಾ? ಹಾಕಿದ್ದರೆ ಕಾಲೇಜಿನ ವೆಬ್‌ಸೈಟ್‌ನಲ್ಲೇ ಅದರ ಪಿಡಿಎಫ್ ಇರಬೇಕು. ಅದರಲ್ಲಿ ಹಣಕಾಸಿನ ಎರಡು ಪಟ್ಟಿ ಇರುತ್ತವೆ. ಒಂದರಲ್ಲಿ ಲೈಬ್ರರಿ, ಲ್ಯಾಬ್ ಉಪಕರಣ ಮುಂತಾದ ಬಂಡವಾಳ ಖರ್ಚು. ಇನ್ನೊಂದರಲ್ಲಿ ವರ್ಷದ ಖರ್ಚು. ಅದರ ಮೊದಲ ಸಾಲೇ ಬೋಧಕ ಮತ್ತು ಬೋಧಕೇತರ ಸಿಬ್ಬಂದಿಯ ಸಂಬಳ. ಮೂರು ವರ್ಷದ ಅಂಕಿ ಅಕ್ಕಪಕ್ಕ ಇರುತ್ತದೆ. 2020-21ರಲ್ಲಿ ಸಂಬಳದ ಅಂಕಿ ಎಷ್ಟು ಇಳಿದಿದೆ, ಉಳಿದ ಖರ್ಚು ಎಷ್ಟು ಇಳಿದಿದೆ ಎಂದು ನೋಡಿ. ಜಾಗ ಮತ್ತು ಕಟ್ಟಡದ ಖರ್ಚು ಮಾತ್ರ ಆ ಪಟ್ಟಿಯಲ್ಲಿ ಬರುವುದಿಲ್ಲ. ಅದಕ್ಕೆ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ಗೆ ಕೊಟ್ಟ ಸ್ವಯಂ ಅಧ್ಯಯನ ವರದಿ ತೆಗೆಯಿರಿ. ನಾಲ್ಕನೇ ಮಾನದಂಡದಲ್ಲಿ ಸಂಬಳ ಬಿಟ್ಟು ಮೂಲಸೌಕರ್ಯಕ್ಕೆ ಮಾಡಿದ ಖರ್ಚು ವರ್ಷವಾರು ಇರುತ್ತದೆ, ಆಡಿಟ್ ಪ್ರತಿಯನ್ನೂ ಲಗತ್ತಿಸಿರುತ್ತಾರೆ.

ಕಾಲೇಜನ್ನು ನಡೆಸುವುದು ಸೊಸೈಟಿಯಾದರೆ, ಅದರ ವಾರ್ಷಿಕ ಲೆಕ್ಕ ಸಂಘಗಳ ಜಿಲ್ಲಾ ನೋಂದಣಾಧಿಕಾರಿ ಕಚೇರಿಗೆ ಹೋಗಬೇಕು. ಅಲ್ಲಿ ಶುಲ್ಕ ಕಟ್ಟಿ ಪ್ರತಿ ಕೇಳಿ. ಟ್ರಸ್ಟ್ ಆದರೆ ಆ ದಾರಿ ಇಲ್ಲ, ಅವರನ್ನೇ ಕೇಳಬೇಕು. ಆದರೆ ಆದಾಯ ತೆರಿಗೆ ವಿನಾಯಿತಿ ಪಡೆಯುವ ಹೆಚ್ಚಿನ ಶಿಕ್ಷಣ ಟ್ರಸ್ಟ್‌ಗಳು ಆಡಿಟ್ ಮಾಡಿಸಬೇಕಾಗುತ್ತದೆ. ಸಾಮಾನ್ಯವಾಗಿ ಆದಾಯದ ಶೇ 85ರಷ್ಟನ್ನು ಉದ್ದೇಶಕ್ಕೇ ಖರ್ಚು ಮಾಡಬೇಕು. ಹಾಗಾಗಿ ಲೆಕ್ಕ ಇನ್ನೂ ಆಗಿಲ್ಲ ಎಂಬ ಮಾತನ್ನು ನಂಬಬೇಡಿ. ಏಡೆಡ್ ಸಂಸ್ಥೆಯಾದರೆ ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಬಹುದು.

ಲೆಕ್ಕ ಕೈಗೆ ಬಂದ ಮೇಲೆ ಮೂರು ಕಡೆ ಕಣ್ಣು ಹಾಯಿಸಿ. ಮೊದಲನೆಯದು ಸವಕಳಿ, ಅಂದರೆ ಕಟ್ಟಡ, ಉಪಕರಣ ಹಳತಾದ ಹಾಗೆ ಅವುಗಳ ಬೆಲೆ ಇಳಿಸಿ ಖರ್ಚೆಂದು ತೋರಿಸುವ ಮೊತ್ತ. 3 ಕೋಟಿಯ ಕಟ್ಟಡ ಎಂದಿಟ್ಟುಕೊಳ್ಳಿ. ಶೇ 10ರ ದರದಲ್ಲಿ ಮೊದಲ ವರ್ಷವೇ 30 ಲಕ್ಷ ಖರ್ಚಿನ ಕಡೆ ಬರುತ್ತದೆ. ಆ ವರ್ಷ ಆ 30 ಲಕ್ಷವನ್ನು ಯಾರ ಕೈಗೂ ಕೊಟ್ಟಿರುವುದಿಲ್ಲ. 20 ಲಕ್ಷ ನಷ್ಟ ತೋರಿಸಿದ ಕಾಲೇಜಿನ ಬಳಿ ನಿಜಕ್ಕೂ 10 ಲಕ್ಷ ನಗದು ಉಳಿದಿರಬಹುದು. ಎರಡನೆಯದು ಮಾತೃಸಂಸ್ಥೆಗೆ ಹೋದ ಹಣ. ನಮ್ಮಲ್ಲಿ ಒಂದೇ ಟ್ರಸ್ಟ್‌ಗೆ ಸ್ಕೂಲು, ಪಿಯು, ಡಿಗ್ರಿ ಎಲ್ಲ ಇರುತ್ತದೆ. ಪಿಯು ಸೈನ್ಸ್‌ನಲ್ಲಿ ಸೀಟಿಗೆ ಸಾಲು ನಿಂತಿರುತ್ತಾರೆ, ಡಿಗ್ರಿ ಬಿ.ಎ.ಯಲ್ಲಿ ಬೆಂಚು ಖಾಲಿ. ಡಿಗ್ರಿಯದ್ದೊಂದೇ ಹಾಳೆ ತೋರಿಸಿ ನಷ್ಟ ಎಂದರೆ ಇಡೀ ಟ್ರಸ್ಟ್‌ನ ಒಟ್ಟು ಲೆಕ್ಕ ಕೇಳಿ. ಮೂರನೆಯದು ಕಟ್ಟಡ ನಿಧಿ, ಮೂಲಧನವಾಗಿ ಕೂಡಿಟ್ಟ ಕಾರ್ಪಸ್ ಫಂಡ್. ನಿಮ್ಮ ಸಂಬಳ ಅರ್ಧ ಮಾಡಿದ ವರ್ಷವೇ ಆ ನಿಧಿ ಬೆಳೆದಿದ್ದರೆ ಮುಂದಿನ ಮಾತು ತಾನಾಗಿ ಬರುತ್ತದೆ.

ಲೆಕ್ಕ ನೋಡಿದ ಮೇಲೆ ನಿಜಕ್ಕೂ ದುಡ್ಡಿಲ್ಲ ಎಂದು ತಿಳಿಯಬಹುದು. ಸಣ್ಣ ಊರಿನ ಎಷ್ಟೋ ಕಾಲೇಜುಗಳ ಸ್ಥಿತಿ ಹಾಗಿದೆ. ಆಗ ಕಡಿತಕ್ಕೆ ಒಪ್ಪುವುದರಲ್ಲಿ ತಪ್ಪಿಲ್ಲ. ಆದರೆ ಎಲ್ಲರಿಗೂ ಒಂದೇ ಶೇಕಡಾ ಬೇಡ. 15,000 ಪಡೆಯುವವರಿಂದ ಅರ್ಧ ಕಿತ್ತರೆ ಮನೆ ಬಾಡಿಗೆಗೇ ತೊಂದರೆ. ಒಂದು ಮಿತಿಗಿಂತ ಕೆಳಗೆ ಕಡಿತವೇ ಇಲ್ಲ, ಮೇಲೆ ಹೋದ ಹಾಗೆ ಜಾಸ್ತಿ ಎಂದು ಮಾಡಿಸಿ. ಕಾಯಂ ಏಡೆಡ್ ಅಧ್ಯಾಪಕರಿಗೂ ಒಂದು ಮಾತು. ನಿಮ್ಮ ಸಂಬಳಕ್ಕೆ ಅಪಾಯ ಇಲ್ಲ. ಹನ್ನೆರಡು ಜನ ತಿಂಗಳಿಗೆ ತಲಾ 5,000 ತೆಗೆದಿಟ್ಟರೆ 60,000 ಆಗುತ್ತದೆ. ಆರು ಗೆಸ್ಟ್‌ಗಳಿಗೆ ತಿಂಗಳಿಗೆ 10,000 ಕೊಡಬಹುದು. ಅದು ದಾನ ಅಂತ ಯಾರೂ ಭಾವಿಸಬೇಕಿಲ್ಲ. ಸಂಘದ ನಿಧಿಯಿಂದ, ಸಂಘದ ಹಕ್ಕಾಗಿ ಕೊಡಿ.

ಸಂಘ ಕಟ್ಟುವ ಕಾನೂನಿನ ದಾರಿ ಚುಟುಕಾಗಿ ಹೇಳುತ್ತೇನೆ. ಶಿಕ್ಷಣ ಸಂಸ್ಥೆಯೂ ಕೈಗಾರಿಕೆಯ ವ್ಯಾಖ್ಯೆಯೊಳಗೆ ಬರುತ್ತದೆ ಎಂದು 1978ರ ಬೆಂಗಳೂರು ಜಲಮಂಡಳಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ 1988ರ ಸುಂದರಾಂಬಾಳ್ ಪ್ರಕರಣದಲ್ಲಿ, ಶಿಕ್ಷಕರು ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲ ಎಂದು ತೀರ್ಪು ಬಂತು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ, ಆದರೂ ಲೇಬರ್ ಆಫೀಸಿನಲ್ಲಿ ನಿಮಗೆ ಕಾರ್ಖಾನೆ ಕಾರ್ಮಿಕರಷ್ಟು ಸಲೀಸು ದಾರಿ ಇರುತ್ತದೆ ಎಂದು ನಂಬಿಕೊಳ್ಳಬೇಡಿ. ಹೆಚ್ಚಿನ ಅಧ್ಯಾಪಕ ಸಂಘಗಳು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿ ಆಗುತ್ತವೆ. ನೀವೂ ಹಾಗೆ ಮಾಡಿ. ಕೆಲಸದಿಂದ ತೆಗೆದರೆ, ಹುದ್ದೆಯಿಂದ ಇಳಿಸಿದರೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿ ಇದೆ, ಜಿಲ್ಲಾ ನ್ಯಾಯಾಧೀಶರೇ ಅದನ್ನು ನಡೆಸುತ್ತಾರೆ. ಮೂರು ತಿಂಗಳೊಳಗೆ ಹೋಗಬೇಕು. ಬರೀ ಸಂಬಳ ಕಡಿತ ಅಲ್ಲಿಗೆ ಸುಲಭವಾಗಿ ಹೋಗುವುದಿಲ್ಲ.

ಕಾರ್ಮಿಕರಲ್ಲ ಎಂದ ಮಾತ್ರಕ್ಕೆ ಎಲ್ಲ ಬಾಗಿಲೂ ಮುಚ್ಚಿಲ್ಲ. ಗ್ರಾಚ್ಯುಟಿಯ ವಿಷಯ ನೋಡಿ. ಅಹಮದಾಬಾದಿನ ಪ್ರಾಥಮಿಕ ಶಿಕ್ಷಕರ ಸಂಘವೊಂದು ಅದಕ್ಕಾಗಿ ಸುಪ್ರೀಂ ಕೋರ್ಟಿನವರೆಗೆ ಹೋಗಿ 2004ರಲ್ಲಿ ಸೋತಿತು. ಶಿಕ್ಷಕರನ್ನು ಸೇರಿಸಬೇಕಾದರೆ ಸಂಸತ್ತೇ ಕಾನೂನು ಮಾಡಬೇಕು ಎಂದಿತು ಕೋರ್ಟು. 2009ರಲ್ಲಿ ತಿದ್ದುಪಡಿ ಬಂತು, 1997ರ ಏಪ್ರಿಲ್ 3ರಿಂದ ಪೂರ್ವಾನ್ವಯವಾಗಿ. ಖಾಸಗಿ ಶಾಲೆಗಳು ಅದನ್ನು ಪ್ರಶ್ನಿಸಿದವು. 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿ ಹಿಡಿಯಿತು. ಒಂದು ಸಂಘ ಸೋತ ಕೇಸಿನಿಂದ ದೇಶದ ಎಲ್ಲ ಶಿಕ್ಷಕರಿಗೆ ಹಕ್ಕು ಹುಟ್ಟಿತು. ಹನ್ನೊಂದು ವರ್ಷದ ಸೇವೆಗೆ ನಿಮಗೂ ಗ್ರಾಚ್ಯುಟಿ ಇದೆ, ಮರೆಯಬೇಡಿ. ಕೊನೆಯ ತಿಂಗಳ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಮತ್ತು ಸೇವೆಯ ವರ್ಷಗಳಿಂದ ಗುಣಿಸಿದರೆ ಮೊತ್ತ ಸಿಗುತ್ತದೆ. ಆ ಕೊನೆಯ ಸಂಬಳವೇ ಕಡಿತವಾಗಿದ್ದರೆ ಗ್ರಾಚ್ಯುಟಿಯೂ ಕಡಿಮೆ ಬರುತ್ತದೆ. ಅದಕ್ಕೇ ಒಪ್ಪಂದದಲ್ಲಿ ಇದು ತಾತ್ಕಾಲಿಕ ಮುಂದೂಡಿಕೆ, ಮೂಲ ಸಂಬಳ ಇಷ್ಟೇ ಇರುತ್ತದೆ ಎಂದು ಸ್ಪಷ್ಟವಾಗಿ ಬರೆಸಬೇಕು.

ಇನ್ನು ನಿಮ್ಮ ಹಳೇ ಬಾಕಿ. ಸಂಬಳದ ಬಾಕಿಗೆ ಸಿವಿಲ್ ದಾವೆ ಹೂಡಲು ಮೂರು ವರ್ಷದ ಕಾಲಮಿತಿ. ಕೊರೊನಾದಿಂದಾಗಿ ಸುಪ್ರೀಂ ಕೋರ್ಟ್ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ದಿನಗಳನ್ನು ಲೆಕ್ಕದಿಂದ ಬಿಟ್ಟಿತು. ಹಾಗಾಗಿ ಆ ಅವಧಿಯಲ್ಲಿ ಹುಟ್ಟಿದ ಬಾಕಿಗೆ 2025ರ ಫೆಬ್ರವರಿ ಕೊನೆಯವರೆಗೆ ಅವಕಾಶ ಇತ್ತು. ಅಷ್ಟರೊಳಗೆ ಬಾಕಿ ಇದೆ ಎಂದು ಒಪ್ಪಿ ಸಹಿ ಹಾಕಿದ ಪತ್ರ ಏನಾದರೂ ಇದೆಯಾ ಹುಡುಕಿ. ಸುತ್ತೋಲೆ, ಇಮೇಲ್, ಸ್ಟಾಫ್ ಮೀಟಿಂಗ್‌ನ ನಡಾವಳಿ, ಏನಾದರೂ ಸರಿ. ಸಿಕ್ಕಿದರೆ ಆ ತಾರೀಖಿನಿಂದ ಮತ್ತೆ ಮೂರು ವರ್ಷ ಎಣಿಕೆಯಾಗುತ್ತದೆ. ಬಾಯಲ್ಲಿ ಹೇಳಿದ್ದಕ್ಕೆ ಈ ಬಲ ಇಲ್ಲ.

ಏನೂ ಸಿಗದಿದ್ದರೆ ಇರುವ ದಾರಿ ಭಾರತೀಯ ಕರಾರು ಕಾಯ್ದೆಯ 25ನೇ ಸೆಕ್ಷನ್‌ನಲ್ಲಿದೆ. ಕಾಲಮಿತಿ ಮೀರಿದ ಬಾಕಿಯನ್ನೂ ಕೊಡುತ್ತೇವೆ ಎಂದು ಬರೆದು ಸಹಿ ಹಾಕಿದರೆ ಅದು ಹೊಸ ಕರಾರಾಗುತ್ತದೆ. ಕೋರ್ಟಿನಲ್ಲಿ ನಿಲ್ಲುತ್ತದೆ. ಅವರು ಸುಮ್ನೆ ಯಾಕೆ ಬರೆದುಕೊಡುತ್ತಾರೆ ಎಂದು ನೀವು ಕೇಳಬಹುದು. ಈಗ ಅವರಿಗೆ ನಿಮ್ಮಿಂದ ಮತ್ತೊಂದು ಕಡಿತಕ್ಕೆ ಒಪ್ಪಿಗೆ ಬೇಕಾಗಿದೆ, ಅಲ್ವಾ? ನಿಮ್ಮ ಕೈಯಲ್ಲಿರುವ ಬಲ ಅದೇ. ಹೊಸ ಕಡಿತದ ಮಾತು ಆಡಬೇಕಾದರೆ ಹಳೇ ಬಾಕಿಯ ಮೊತ್ತ, ಕಂತು, ತಾರೀಖು ಮೊದಲು ಕಾಗದದ ಮೇಲೆ ಬರಲಿ ಎಂದು ಸಂಘ ಹೇಳಬೇಕು. ಒಬ್ಬರೇ ಹೋಗಿ ಹೇಳಿದರೆ ಮುಂದಿನ ವರ್ಷ ವರ್ಕ್‌ಲೋಡ್ ಇಲ್ಲ ಎನ್ನಬಹುದು. ಮೂವತ್ತು ಜನ ಸಹಿ ಹಾಕಿದ ಪತ್ರಕ್ಕೆ ಹಾಗೆ ಹೇಳುವುದು ಕಷ್ಟ.

ಬಾಕಿಯ ಮೊತ್ತ ಸಾಬೀತು ಮಾಡಲು ಸ್ಯಾಲರಿ ಸ್ಲಿಪ್ ಇಲ್ಲ ಎಂದು ಕೊರಗಬೇಡಿ. ಪಿಎಫ್ ಇದ್ದರೆ ಯುಎಎನ್ (ನಿಮ್ಮ ಪಿಎಫ್ ಗುರುತು ಸಂಖ್ಯೆ) ಹಾಕಿ ಪಾಸ್‌ಬುಕ್ ತೆರೆಯಿರಿ. ಪ್ರತಿ ತಿಂಗಳ ಸಾಲಿನಲ್ಲಿ ಎಷ್ಟು ಸಂಬಳದ ಮೇಲೆ ಪಿಎಫ್ ಕಟ್ಟಿದ್ದಾರೆ ಎಂಬ ಅಂಕಿ ಇರುತ್ತದೆ. 2020ರ ಮಾರ್ಚ್‌ನ ಸಾಲು ಮತ್ತು ಅದರ ನಂತರದ ಸಾಲುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ನಿಮ್ಮ ಸಂಬಳ 15,000ಕ್ಕಿಂತ ಜಾಸ್ತಿ ಇದ್ದು ಅವರು ಮಿತಿಯಷ್ಟಕ್ಕೇ ಕಟ್ಟುತ್ತಿದ್ದರೆ ಇಳಿಕೆ ಪೂರ್ತಿ ಕಾಣದಿರಬಹುದು. ಆಗ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ.

ಮುಷ್ಕರದ ಬಗ್ಗೆ ನೀವು ಕೇಳಿಲ್ಲ, ಆದರೂ ಸ್ಟಾಫ್ ರೂಮಿನಲ್ಲಿ ಯಾರಾದರೂ ಎತ್ತುತ್ತಾರೆ. ಮೌಲ್ಯಮಾಪನ ಬಹಿಷ್ಕಾರ, ತರಗತಿ ಬಹಿಷ್ಕಾರ ಕೊನೆಯ ಅಸ್ತ್ರಗಳು. ಲೆಕ್ಕ ಕೇಳಿ, ಓಟು ಹಾಕಿಸಿ, ಮಾತುಕತೆ ಮುರಿದ ಮೇಲೆಯೇ ಅಲ್ಲಿಗೆ ಹೋಗಬೇಕು. ಅದಕ್ಕೆ ಮೊದಲು ಮಕ್ಕಳಿಗೂ ಪೋಷಕರಿಗೂ ವಿಷಯ ತಿಳಿಸಿ. ಫೀಸು ಪೂರ್ತಿ ಕಟ್ಟಿದ ತಂದೆ-ತಾಯಿಗೆ ತಮ್ಮ ಮಗಳ ಲೆಕ್ಚರರ್‌ಗೆ ಅರ್ಧ ಸಂಬಳ ಎಂದು ಗೊತ್ತಾದರೆ ಅವರೇ ಆಡಳಿತ ಮಂಡಳಿಯನ್ನು ಕೇಳುತ್ತಾರೆ.

ಮೊದಲ ಪತ್ರ ಹೀಗಿರಲಿ: “ಬಜೆಟ್ ಕೊರತೆಯ ಬಗ್ಗೆ ತಾವು ತಿಳಿಸಿದ ವಿಷಯವನ್ನು ಸಂಘ ಗಂಭೀರವಾಗಿ ಪರಿಗಣಿಸಿದೆ. ಕೊರತೆಯನ್ನು ಅರ್ಥ ಮಾಡಿಕೊಳ್ಳಲು ಕಳೆದ ಐದು ವರ್ಷಗಳ ಆಡಿಟ್ ಆದ ಲೆಕ್ಕಪತ್ರಗಳ ಪ್ರತಿ, ಟ್ರಸ್ಟ್‌ನ ಒಟ್ಟು ಲೆಕ್ಕ ಸೇರಿ, ಹದಿನೈದು ದಿನಗಳೊಳಗೆ ಕೊಡಬೇಕಾಗಿ ಕೋರುತ್ತೇವೆ. ಅಲ್ಲಿಯವರೆಗೆ ಸಂಬಳದಲ್ಲಿ ಯಾವ ಬದಲಾವಣೆಗೂ ಸದಸ್ಯರ ಒಪ್ಪಿಗೆ ಇರುವುದಿಲ್ಲ.” ಸಂಚಾಲಕರಿಗೆ ಒಂದು, ಪ್ರಿನ್ಸಿಪಾಲರಿಗೆ ಒಂದು ಪ್ರತಿ. ಗೆಸ್ಟ್ ಲೆಕ್ಚರರ್‌ಗಳ ಸಹಿ ಕೆಳಗಡೆ ಬೇರೆ ಪಟ್ಟಿಯಲ್ಲಿ ಬೇಡ, ಎಲ್ಲರ ಸಹಿ ಅಕಾರಾದಿಯಾಗಿ ಒಂದೇ ಪಟ್ಟಿಯಲ್ಲಿ ಇರಲಿ. ಆಫೀಸಿನಲ್ಲಿ ಸ್ವೀಕೃತಿ ಸೀಲು, ತಾರೀಖು ಹಾಕಿಸಿಕೊಳ್ಳಿ. ತೆಗೆದುಕೊಳ್ಳದಿದ್ದರೆ ಅದೇ ದಿನ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿಯನ್ನು ಜೋಪಾನವಾಗಿ ಇಡಿ.